ಬೀಗರ ನಿವಾಸಯೋಗ

ನಂಜನಗೂಡಿನ ರಥಬೀದಿಯಲ್ಲಿ ಒಂದು ಚಿಪ್ಪು ರಸಬಾಳೆಗೆ ಅರ್ಧ ಗಂಟೆ ಚೌಕಾಸಿ ನಡೆಸಿ, ಐದು ರೂಪಾಯಿ ಉಳಿಸಿದ ವಿಜಯೋತ್ಸಾಹದಲ್ಲಿಯೇ ರಾಯರು, ತಿರುಮಕೂಡಲು ನರಸೀಪುರದಿಂದ ಆಗಮಿಸಿದ್ದ ತಮ್ಮ ಬೀಗರ ಮುಂದೆ ಲಕ್ಷಾಂತರ ಯೂರೋ ಹೂಡಿದವರಿಗೆ ಯೂರೋಪಿನ ದೇಶಗಳು ನೀಡುವ ನಿವಾಸಪತ್ರದ ಪ್ರಸ್ತಾಪವನ್ನೆತ್ತಿದರು.

"ಸ್ಪೇನು 2025ರ ಏಪ್ರಿಲಿನಲ್ಲಿ ಬಾಗಿಲು ಮುಚ್ಚಿತು ಬೀಗರೇ, ಪೋರ್ಚುಗಲ್ಲು 2023ರಿಂದೀಚೆಗೆ ಮನೆ ಕೊಂಡವರಿಗೆ ಒಲಿಯದು, ನಿಧಿಯಲ್ಲಿ 5 ಲಕ್ಷ ಯೂರೋ ತೊಡಗಿಸಬೇಕು, ಹಿಂದೆ ಎರಡೂವರೆ ಲಕ್ಷಕ್ಕೆ ಪ್ರಸನ್ನವಾಗುತ್ತಿದ್ದ ಗ್ರೀಸು ಅಥೆನ್ಸಿನಲ್ಲೀಗ 8 ಲಕ್ಷ ಬೇಡುತ್ತದೆ. ಮಗನಿಗೆ ಪೋರ್ಚುಗಲ್ಲು, ಗ್ರೀಸು ಎರಡರ ಪತ್ರಗಳೂ ಇರಲೆಂದು ನನ್ನ ಸಂಕಲ್ಪ."

"ಹಾಗಾದರೆ ಎರಡೂ ಕಡೆ ವಾಸಿಸಬೇಕಲ್ಲವೇ?"

"ಪೋರ್ಚುಗಲ್ಲಿಗೆ ವರ್ಷಕ್ಕೆ ಸರಾಸರಿ ಏಳು ದಿನ ಸಾಕು, ಗ್ರೀಸಿಗೆ ಅದೂ ಬೇಡ. ವಾಸಿಸದವನಿಗೇ ಅಲ್ಲಿ ನಿವಾಸಪತ್ರ!"

"ರಿಸರ್ವ್ ಬ್ಯಾಂಕು ತಲೆಗೆ ವರ್ಷಕ್ಕೆ ಎರಡೂವರೆ ಲಕ್ಷ ಡಾಲರಿಗಿಂತ ಹೆಚ್ಚು ಹೊರಗೆ ಬಿಡದಲ್ಲ?"

"ಮನೆಯಲ್ಲಿ ತಲೆಗಳಿಗೇನು ಕೊರತೆ? ತಮ್ಮ ಮಗಳದೂ ಒಂದು ತಲೆಯೇ."

ಬೀಗರು ಕ್ಷಣಕಾಲ ಮೌನವಾದರು. (ಗುಂಜಾ ನರಸಿಂಹನ ಕ್ಷೇತ್ರ ಕಾಶಿಗಿಂತ ಗುಲಗಂಜಿ ತೂಕ ಹೆಚ್ಚೆಂದು ನಂಬಿದ ಊರಿನವರು, ತೂಗದೆ ಮಾತಾಡರು.)

"ರಾಯರೇ, ನನ್ನ ಹೆಸರು ನಿಮ್ಮೂರಿನ ಮತದಾರರ ಪಟ್ಟಿಯಲ್ಲೊಮ್ಮೆ, ನಮ್ಮೂರಿನಲ್ಲೊಮ್ಮೆ ಇದ್ದಿತು. 1950ರ ಕಾಯಿದೆಯಂತೆ ಎರಡು ಕ್ಷೇತ್ರಗಳಲ್ಲಿರಕೂಡದೆಂದು ಒಂದನ್ನು ಹೊಡೆದುಹಾಕಿದರು. ಒಂದೇ ಕಪಿಲೆಯ ನೀರು ಕುಡಿಯುವ ಎರಡು ಊರುಗಳಿಗೆ ಒಬ್ಬನೇ ಸಲ್ಲಬಾರದೆಂದ ಮೇಲೆ, ಸಮುದ್ರದಾಚೆಯ ಎರಡು ದೇಶಗಳಿಗೆ ನಿಮ್ಮ ಮಗ ಸಲ್ಲುವುದೆಂತು?"

"ನೀವು ಹೂಡಿದ್ದೆಷ್ಟು?"

"ಏನನ್ನೂ ಹೂಡಲಿಲ್ಲ."

"ಅಲ್ಲಿಯೇ ಎಡವಿದಿರಿ, ಬೀಗರೇ!"