ಪುಕ್ಕಟೆ ನಡಿಗೆ

ಮಗ ಹೈಸ್ಕೂಲ್ ಬೇಸ್‌ಬಾಲ್ ತಂಡ ಸೇರಿದಾಗಿನಿಂದ ಕ್ಯಾಲಿಫೋರ್ನಿಯಾದ ಅಲ್ಯುಮಿನಿಯಂ ಬೆಂಚುಗಳಿಗೂ ನನ್ನ ಸೊಂಟಕ್ಕೂ ಹಾವು ಮುಂಗುಸಿ ಸಂಬಂಧ. ಮಲ್ಲೇಶ್ವರದ ಗಲ್ಲಿ ಕ್ರಿಕೆಟ್ಟಿನಲ್ಲಿ ನಾಲ್ಕು ಕಿಟಕಿ ಗಾಜು ಒಡೆದ ಅನುಭವಸ್ಥ ನಾನು, ಇಲ್ಲೂ ಪಂಡಿತನೆನಿಸಬಹುದೆಂದುಕೊಂಡಿದ್ದೆ.

ಮೊದಲ ಪಂದ್ಯದಲ್ಲೇ ಮಾನ ಹೋಯಿತು. ಮಗ ಚೆಂಡನ್ನು ಬಲಕ್ಕೆ ಸೊಗಸಾಗಿ ಕತ್ತರಿಸಿದ. "ಭಲೇ!" ಎಂದು ಎದ್ದು ಚಪ್ಪಾಳೆ ತಟ್ಟಿದೆ. ತಟ್ಟಿದವನು ನಾನೊಬ್ಬನೇ. ಅದು ಫೌಲ್! ನಮ್ಮ ಗುಂಡಪ್ಪ ವಿಶ್ವನಾಥರ ಸ್ಕ್ವೇರ್ ಕಟ್ಟಿಗೂ ಇಲ್ಲಿ ಇದೇ ಗತಿಯಂತೆ. ಆಮೇಲೆ ಅವನು ಬ್ಯಾಟು ಬೀಸದೆ ಗರುಡಗಂಬದಂತೆ ನಿಂತುಬಿಟ್ಟ. ನಾನು ನಾಚಿ ತಲೆ ತಗ್ಗಿಸಿದರೆ ಸುತ್ತಲಿನವರೆಲ್ಲ "ಗುಡ್ ಐ!" ಎಂದು ಕೂಗಿದರು. ಹುಡುಗನ ಕಣ್ಣಿಗೇನಾಯಿತೋ ಎಂದು ನನಗೆ ಗಾಬರಿ. ನಾಲ್ಕು ಕೆಟ್ಟ ಎಸೆತಗಳನ್ನು ಸುಮ್ಮನೆ ಬಿಟ್ಟರೆ 90 ಅಡಿ ದೂರದ ಮೊದಲ ಬೇಸಿಗೆ ಪುಕ್ಕಟೆ ನಡಿಗೆಯಂತೆ. ಏನೂ ಮಾಡದಿರುವುದಕ್ಕೇ ಬಹುಮಾನ! ಇಂಥ ಆಟ ನನ್ನ ಕಾಲದಲ್ಲಿದ್ದಿದ್ದರೆ ನಾನು ಎಲ್ಲಿರುತ್ತಿದ್ದೆನೋ.

ಡಗ್‌ಔಟಿನಲ್ಲಿ ಹುಡುಗರು ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳುತ್ತಿದ್ದರು. ನಮ್ಮಜ್ಜ ಎಲೆಅಡಿಕೆ ಉಗುಳಿದರೆ ಮಾತ್ರ ಅಸಹ್ಯ.

7 ಇನ್ನಿಂಗ್ಸ್ ಎಂದು ಕೇಳಿದ ನನ್ನವಳು, ಟೆಸ್ಟ್ ಪಂದ್ಯಕ್ಕೇ 4 ಅಲ್ಲವೇ ಎಂದು ಲೆಕ್ಕ ಹಾಕಿ, ಮೂರು ದೊಡ್ಡ ಡಬ್ಬಿ ಪುಳಿಯೋಗರೆ ಕಟ್ಟಿದ್ದಳು. ಆಟವೋ ಎರಡೂವರೆ ಗಂಟೆಯಲ್ಲಿ ಮುಗಿಯಿತು. ಉಳಿದದ್ದನ್ನು ತಂಡಕ್ಕೇ ಹಂಚಿದೆವು. ಈಗ ಕೋಚ್ ನನ್ನನ್ನು ಕಂಡಾಗ ಮೊದಲು ನೋಡುವುದು ನನ್ನ ಕೈಚೀಲವನ್ನು.