ಹಾಡಿನ ಡಬ್ಬಿ ಜೋಡಿಸುವ ಕ್ರಮ (ಯಾದಗಿರಿ, ಶಹಾಪುರ, ಸುರಪುರಕ್ಕೆ ಅನ್ವಯಿಸುವಂತೆ)

ಮೊದಲು ರಟ್ಟಿನ ಪೆಟ್ಟಿಗೆ ಬಿಚ್ಚಿ. ಒಳಗೆ ಕರೀ ಡಬ್ಬಿ, ಅಡಾಪ್ಟರ್, ನೆಟ್‌ವರ್ಕ್ ವೈರು, ಹತ್ತಾರು ಭಾಷೆಗಳ ಒಂದು ಕೈಪಿಡಿ ಇರುತ್ತವೆ. ಡಬ್ಬಿಯೊಳಗೆ ಕೂಡಿಸುವ ಹಾರ್ಡ್ ಡಿಸ್ಕ್ ಎರಡನ್ನು ಬೇರೆ ಕೊಳ್ಳಬೇಕು. ಕೈಪಿಡಿಯನ್ನು ಓದಬೇಡಿ. ಅದನ್ನು ಬರೆದವನ ಮನೆಯಲ್ಲಿ ಅವನೊಬ್ಬನೇ ಇರುತ್ತಾನೆ, ಕರೆಂಟು ಹೋಗುವುದಿಲ್ಲ, ಪ್ರತಿ ಹಾಡಿಗೂ ಒಬ್ಬ ಕಲಾವಿದ, ಒಂದು ಆಲ್ಬಂ, ಒಂದು ಇಸವಿ ಇರುತ್ತದೆ. ಇದರಲ್ಲಿ ಯಾವುದೂ ನಿಮ್ಮ ಮನೆಗೆ ಹೊಂದುವುದಿಲ್ಲ. ಅದಕ್ಕಾಗಿ ಈ ಕೈಪಿಡಿ.

ಡಬ್ಬಿಯ ಕೆಲಸ ಸರಳ. ಮನೆಯ ಹಾಡುಗಳೆಲ್ಲ ಅದರೊಳಗೆ ಒಂದೇ ಕಡೆ ಇರುತ್ತವೆ. ಪಡಸಾಲೆಯ ಹೈ-ಫೈ, ನಿಮ್ಮ ಫೋನು, ಮಗಳ ಲ್ಯಾಪ್‌ಟಾಪು ಎಲ್ಲವೂ ಮನೆಯೊಳಗಿನ ನೆಟ್‌ವರ್ಕಿನಲ್ಲಿ ಅಲ್ಲಿಂದ ಎಳೆದುಕೊಂಡು ನುಡಿಸುತ್ತವೆ. ಹೈ-ಫೈಯ ಹಳೆಯ ಆಂಪ್ಲಿಫೈಯರ್‌ಗೆ ನೆಟ್‌ವರ್ಕಿನ ಗಂಧ ಇಲ್ಲ. ಅದರ ಪಕ್ಕ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಬೋರ್ಡು, ಅದಕ್ಕೊಂದು ಡ್ಯಾಕ್ ಇಡಿ. ಬೋರ್ಡು ತಂದ ಅಂಕಿಗಳನ್ನು ಡ್ಯಾಕ್ ಆಂಪ್ಲಿಫೈಯರ್‌ಗೆ ತಿಳಿಯುವ ಸಿಗ್ನಲ್ ಮಾಡಿ ಕೊಡುತ್ತದೆ. ಡಬ್ಬಿಯಲ್ಲಿ ಮಿನಿಮ್‌ಸರ್ವರ್ ಇಲ್ಲವೇ ಲಿರಿಯಾನ್ ತಂತ್ರಾಂಶ ಹಾಕಿದರೆ ಆಯಿತು. ಇಂಟರ್ನೆಟ್ ಬೇಕಿಲ್ಲ. ರಸ್ತೆ ಅಗೆಯುವಾಗ ಕೇಬಲ್ ಹರಿದು ಊರಿಗೆ ಊರೇ ರೀಲ್ಸ್ ಇಲ್ಲದೆ ಕೂತ ದಿನವೂ ನಿಮ್ಮ ಪಡಸಾಲೆಯಲ್ಲಿ ಮಲ್ಲಿಕಾರ್ಜುನ ಮನ್ಸೂರರು ಹಾಡುತ್ತಿರುತ್ತಾರೆ.

ಎಲ್ಲಿಡಬೇಕು

ಇಂಥ ಡಬ್ಬಿಗಳು 0ರಿಂದ 40 ಡಿಗ್ರಿ ಸೆಲ್ಸಿಯಸ್ ಒಳಗೆ ಕೆಲಸ ಮಾಡುತ್ತವೆ ಎಂದು ಸಾಮಾನ್ಯವಾಗಿ ಬರೆದಿರುತ್ತಾರೆ. ಸೊನ್ನೆಯ ಚಿಂತೆ ಬಿಡಿ. ಮೇ ತಿಂಗಳಲ್ಲಿ ಯಾದಗಿರಿಯ ಗಾಳಿಯೇ 40 ದಾಟಿರುತ್ತದೆ, ಹೀಗಾಗಿ ಪತ್ರಾಸಿನ ಕೋಣೆ ಬೇಡ. ತೊಗರಿ ಚೀಲ ಪೇರಿಸಿದ ಕೋಣೆಯೂ ಬೇಡ, ಧೂಳು ಫ್ಯಾನಿಗೆ ಕೂಡುತ್ತದೆ. ಹತ್ತಿ ತುಂಬುವ ಮನೆಯಾದರೆ ಅರಳೆ ಜಾಲರಿಗೆ ಮೆತ್ತಿಕೊಳ್ಳುತ್ತದೆ. ದೇವರ ಕೋಣೆ ತಂಪೇನೋ ಹೌದು, ಆದರೆ ಮರುದಿನವೇ ಡಬ್ಬಿಗೆ ವಿಭೂತಿ ಬೀಳುತ್ತದೆ, ಆಯುಧಪೂಜೆಯ ತನಕ ಯಾರೂ ಕಾಯುವುದಿಲ್ಲ. ನೆಲದ ಫರಸಿ ಇನ್ನೂ ತಂಪು. ಅಲ್ಲಿ ಬೆಳಗ್ಗೆ ಬಕೆಟ್ ನೀರು ಬೀಳುತ್ತದೆ.

ಎಲ್ಲಕ್ಕಿಂತ ಒಳ್ಳೆಯ ಜಾಗ ಹಳೆ ಮನೆಯ ದಪ್ಪ ಕಲ್ಲುಗೋಡೆಯ ಮಾಡ. ಬಾಗಿಲು ಇರಬಾರದು, ಡಬ್ಬಿಯ ಹಿಂದೆ ನಾಲ್ಕು ಬೆರಳು ಜಾಗ ಇರಬೇಕು. ಅಲ್ಲಿ ಈಗಾಗಲೇ ಇರುವ ಎಲೆ-ಅಡಿಕೆ ಚಂಚಿ, ಕನ್ನಡಕ, ಕರೆಂಟ್ ಬಿಲ್ಲುಗಳನ್ನು ಬೇರೆ ಕಡೆ ಇಡಲು ಒಪ್ಪಿಸುವ ಜವಾಬ್ದಾರಿ ಗ್ರಾಹಕರದು.

ಇದೇ ಕಲ್ಲುಗೋಡೆ ವೈಫೈಯನ್ನು ನುಂಗುತ್ತದೆ, ಆದ್ದರಿಂದ ವೈರು ಎಳೆಯಿರಿ. ಸಿಡಿ ಗುಣಮಟ್ಟದ ಸಂಗೀತಕ್ಕೆ ಸೆಕೆಂಡಿಗೆ 1,411 ಕಿಲೋಬಿಟ್ ಸಾಕು. 100 ಮೆಗಾಬಿಟ್ಟಿನ ಹಳೆ ವೈರಿಗೂ ಅದು ಭಾರವಲ್ಲ. ವೈರು ದುಬಾರಿಯಾದಷ್ಟೂ ತಂಬೂರಿಯ ಜವಾರಿ ಚೆನ್ನಾಗಿ ಕೇಳುತ್ತದೆ ಎಂದು ಯಾರಾದರೂ ಹೇಳಿದರೆ ಚಹಾ ಕುಡಿಸಿ ಕಳಿಸಿ. ದಾರಿಯಲ್ಲಿ ಕೆಟ್ಟ ಡೇಟಾ ಪೊಟ್ಟಣವನ್ನು ಯಂತ್ರವೇ ಗುರುತಿಸಿ ಮತ್ತೆ ತರಿಸಿಕೊಳ್ಳುತ್ತದೆ.

ಕರೆಂಟು

ಕರೆಂಟು ಹೋಗುವುದು ಡಬ್ಬಿಗೆ ಅಪಾಯವಲ್ಲ, ಹೇಳದೆ ಹೋಗುವುದು ಅಪಾಯ. ಡಿಸ್ಕಿಗೆ ಬರೆಯುತ್ತಿರುವಾಗ ನಿಂತರೆ ಫೈಲುಗಳ ಪಟ್ಟಿಯೇ ಕೆಡಬಹುದು. ಯುಎಸ್‌ಬಿ ವೈರಿನಿಂದ ಡಬ್ಬಿಯ ಜೊತೆ ಮಾತಾಡುವ ಸಣ್ಣ ಯುಪಿಎಸ್ ಹಾಕಿ. ಬ್ಯಾಟರಿ ಇಳಿಯುತ್ತಿದ್ದಂತೆ ಡಬ್ಬಿ ತಾನೇ ಎಲ್ಲವನ್ನೂ ಮುಚ್ಚಿಟ್ಟು ಆರಿಕೊಳ್ಳುತ್ತದೆ.

ಯುಪಿಎಸ್‌ಗೆ ಬಗ್ಗದ ಶಕ್ತಿಯೊಂದು ಮನೆಯಲ್ಲಿದೆ. ಮೋಡ ಗುಡುಗಿದ ಕೂಡಲೇ ಅವ್ವ ಎದ್ದು, "ಸಿಡ್ಲು ಹೊಡೀಲಾಕತ್ತಾವ, ಎಲ್ಲಾ ಬಂದ್ ಮಾಡ್ರೋ" ಎನ್ನುತ್ತ ಟಿವಿ, ಫ್ರಿಜ್ಜಿನ ಜೊತೆ ಡಬ್ಬಿಯ ಪ್ಲಗ್ಗನ್ನೂ ಕೀಳುತ್ತಾಳೆ. ವಾದಿಸಬೇಡಿ, ವಿಜ್ಞಾನ ಅವ್ವನ ಕಡೆಗಿದೆ. ಸಿಡಿಲಿನ ಹೊಡೆತ ಕರೆಂಟಿನ ವೈರಿನ ಗುಂಟ ಬಂದು ಡಿಸ್ಕ್ ಎರಡನ್ನೂ ಒಟ್ಟಿಗೆ ಸುಡಬಲ್ಲದು; ಫೋನಿನ ಲೈನಿನಿಂದಲೂ ಬರಬಲ್ಲದು. ಮುಂದಿನ ಗುಂಡಿಯನ್ನು ಬೀಪ್ ಅನ್ನುವ ತನಕ ಒತ್ತಿಹಿಡಿದು, ಲೈಟು ಆರಿದ ಮೇಲೆ ಪ್ಲಗ್ ತೆಗೆಯಬೇಕು ಎಂದು ಅವ್ವನಿಗೆ ತೋರಿಸಿಕೊಡಿ. ಒಂದೇ ಸಲಕ್ಕೆ ಕಲಿಯುತ್ತಾಳೆ. ಮನೆಯ ಗಂಡಸರಿಗೆ ಕಲಿಸಲು ಈ ಕೈಪಿಡಿಯಲ್ಲಿ ಜಾಗ ಸಾಲದು.

ಯಾರೂ ಕೇಳದಿದ್ದಾಗ ಡಿಸ್ಕು ತಿರುಗುವುದನ್ನು ನಿಲ್ಲಿಸಿ ನಿದ್ದೆ ಹೋಗುತ್ತದೆ. ಆಗ ಹಾಡು ಒತ್ತಿದರೆ ಏಳಲು ಕೆಲವು ಸೆಕೆಂಡು ಬೇಕು. ಮೇಲಿಂದ ಮೇಲೆ ಒತ್ತಬೇಡಿ. ಶಹಾಪುರದ ಪಕ್ಕ ಮಲಗಿದ ಬುದ್ಧನಂತೆ ಕಾಣುವ ಬೆಟ್ಟವನ್ನು ನೋಡುವ ಹಾಗೆ ಸುಮ್ಮನೆ ನೋಡುತ್ತ ನಿಲ್ಲಿ; ಅಲ್ಲಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕ್ಯಾಸೆಟ್ಟುಗಳು

ಸಿಡಿಗಳಿದ್ದರೆ ಕಂಪ್ಯೂಟರಿಗೆ ಹಾಕಿ ಫ್ಲ್ಯಾಕ್ ಮಾಡಿಕೊಳ್ಳಿ. ಫ್ಲ್ಯಾಕ್ ಎಂದರೆ ಒಂದು ಸ್ವರವೂ ಕಳೆಯದಂತೆ ಫೈಲನ್ನು ಸುಮಾರು ಅರ್ಧಕ್ಕೆ ಇಳಿಸುವ ಬಗೆ. 2001ರಿಂದ ಪುಕ್ಕಟೆ ಸಿಗುತ್ತದೆ. ಆದರೆ ನಿಮ್ಮ ಸಂಗ್ರಹ ಸಿಡಿಯಲ್ಲಿಲ್ಲ, ಅಟ್ಟದ ಮೇಲಿನ ಟ್ರಂಕಿನಲ್ಲಿದೆ: ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಕೊಂಡವು, ಮೈಲಾಪುರದ ಮಲ್ಲಯ್ಯನ ಸಂಕ್ರಾಂತಿ ಜಾತ್ರೆಯಲ್ಲಿ ಕೊಂಡವು, ಅಮಾವಾಸ್ಯೆಯ ಭಜನೆಯಲ್ಲಿ ಟೇಪ್‌ರೆಕಾರ್ಡರ್ ಹಚ್ಚಿ ಹಿಡಿದವು, ಮೊಹರಂ ಪದ ತುಂಬಿದವು, ಮೇಲೆ ಒಂದು ಹೆಸರಿದ್ದು ಒಳಗೆ ಇನ್ನೊಂದು ಇರುವವು.

ಕ್ಯಾಸೆಟ್ ನುಡಿಸುವ ಮೊದಲು ಒಮ್ಮೆ ಕೊನೆಯ ತನಕ ಸುತ್ತಿ, ಮತ್ತೆ ಹಿಂದಕ್ಕೆ ಸುತ್ತಿ. ಅಂಟಿಕೊಂಡ ಟೇಪು ಬಿಡಿಸಿಕೊಳ್ಳುತ್ತದೆ. ಹೆಡ್ಡನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋಗಿ, ತಾಳದ ಚಿಟಿಕೆ ಸ್ಪಷ್ಟವಾದ ಕಡೆ ನಿಲ್ಲಿಸಿ. ಸಿ-90 ಕ್ಯಾಸೆಟ್ಟನ್ನು ನುಡಿಸಿ ಕಂಪ್ಯೂಟರಿಗೆ ತುಂಬಿಸಲು 90 ನಿಮಿಷವೇ ಬೇಕು, ಅಡ್ಡದಾರಿ ಇಲ್ಲ. ಸಿಡಿ ಲೆಕ್ಕದಲ್ಲಿ ನಿಮಿಷಕ್ಕೆ ಹತ್ತೂವರೆ ಮೆಗಾಬೈಟ್‌ನಂತೆ ಸುಮಾರು 950 ಮೆಗಾಬೈಟ್ ಆಗಿ, ಫ್ಲ್ಯಾಕ್ ಮಾಡಿದಾಗ 500ರ ಆಸುಪಾಸು ಬರುತ್ತದೆ. ಒಂದು ಟೆರಾಬೈಟಿನಲ್ಲಿ ಹತ್ತಿರಹತ್ತಿರ 2,000 ಕ್ಯಾಸೆಟ್ ಕೂಡುತ್ತವೆ. ಅಷ್ಟು ಕ್ಯಾಸೆಟ್ ಇರುವ ಮನೆಯಲ್ಲಿ ಬೇರೆ ತಾಪತ್ರಯಗಳಿರುತ್ತವೆ.

ಗದ್ದಲ ತೆಗೆಯುವ ತಂತ್ರಾಂಶದ ಮೇಲೆ ಕೈ ಬಿಗಿ ಇರಲಿ. ಅದು ಮೊದಲು ಟೇಪಿನ ಸುಯ್ ಸದ್ದು ತೆಗೆಯುತ್ತದೆ, ಆಮೇಲೆ ದಪ್ಪಿನ ಏಟಿನ ಅಂಚು ತೆಗೆಯುತ್ತದೆ, ಕೊನೆಗೆ "ಯಪ್ಪಾ, ಇನ್ನೊಮ್ಮಿ ಹೇಳ್ರಿ" ಎಂದು ಹಿಂದಿನಿಂದ ಕೂಗಿದ ಮುದುಕನನ್ನೂ ತೆಗೆಯುತ್ತದೆ. ಮೂಲ ಫೈಲನ್ನು ಮುಟ್ಟದೆ ಹಾಗೇ ಇಡಿ.

ಖಾನೆ ತುಂಬುವುದು

ಇಲ್ಲಿಯವರೆಗಿನದು ಎರಡು ಭಾನುವಾರದ ಕೆಲಸ. ನಿಜವಾದ ಕೆಲಸ ಈಗ. ಪ್ರತಿ ಹಾಡಿಗೂ ಕಲಾವಿದ, ಆಲ್ಬಂ, ಇಸವಿ ಎಂಬ ಖಾನೆಗಳಿವೆ. ತುಂಬದೆ ಬಿಟ್ಟರೆ ಪರದೆಯ ಮೇಲೆ 'ಅಪರಿಚಿತ ಕಲಾವಿದ' ಎಂದು ಬರುತ್ತದೆ, ನಿಮ್ಮ ಸ್ವಂತ ಸೋದರಮಾವ ಆ ಪಟ್ಟಿಗೆ ಸೇರುತ್ತಾನೆ.

ಭೀಮಸೇನ ಜೋಶಿಯವರ ದಾಸರಪದ ಸುಲಭ: ಹಾಡಿದವರು ಜೋಶಿ, ಬರೆದವರು ಹೆಚ್ಚಾಗಿ ಪುರಂದರದಾಸರು. ಮನ್ಸೂರರ ಖಯಾಲಿಗೆ ರಾಗದ ಖಾನೆ ಬೇಕು, ಅದು ಯಂತ್ರದ ಪಟ್ಟಿಯಲ್ಲಿರುವುದಿಲ್ಲ. ಫ್ಲ್ಯಾಕ್ ಫೈಲಿನಲ್ಲಿ ನಿಮಗೆ ಬೇಕಾದ ಖಾನೆಯನ್ನು ನೀವೇ ಹುಟ್ಟಿಸಬಹುದು. ಖಾನೆಯ ಹೆಸರು ರೋಮನ್ ಅಕ್ಷರದಲ್ಲಿರಬೇಕು, ಒಳಗಿನ ಬರಹ ಕನ್ನಡದಲ್ಲಿರಲು ಅಡ್ಡಿಯಿಲ್ಲ. ಹಳೆಯ ಎಂಪಿ3 ಲೇಬಲ್ಲಿಗೆ ಮೂವತ್ತು ಬೈಟಿನ ಮಿತಿ ಇತ್ತು. ಕನ್ನಡದ ಒಂದೊಂದು ಸಂಕೇತವೂ ಯೂನಿಕೋಡಿನ ಯುಟಿಎಫ್-8ರಲ್ಲಿ ಮೂರು ಬೈಟು ತಿನ್ನುವುದರಿಂದ ಅದರಲ್ಲಿ ಹಾಡಿನ ಮೊದಲ ಸಾಲೂ ಮುಗಿಯುತ್ತಿರಲಿಲ್ಲ.

ತತ್ವಪದಗಳು ಈ ವಿಷಯದಲ್ಲಿ ಯಂತ್ರಕ್ಕಿಂತ ಮುಂದಿವೆ. ಕರ್ತೃವಿನ ಗುರುತು ಹಾಡಿನೊಳಗೇ ಇದೆ. ಕೊನೆಯ ನುಡಿಯಲ್ಲಿ ಶಿಶುನಾಳಧೀಶ ಬಂದರೆ ಶರೀಫರು, ಗುರು ಮಹಾಂತ ಬಂದರೆ ಕಡಕೋಳ ಮಡಿವಾಳಪ್ಪ. ಹೀಗಾಗಿ ಕೊನೆಯ ತನಕ ಕೇಳದೆ ಖಾನೆ ತುಂಬಬೇಡಿ. ಸಮಸ್ಯೆ ಹಾಡಿದವರದು. ಒಂದು ಸಾಲು ಒಬ್ಬ ಎತ್ತುತ್ತಾನೆ, ಮುಂದಿನದನ್ನು ಹತ್ತು ಮಂದಿ ಹಿಡಿಯುತ್ತಾರೆ, ನಡುವೆ ಹಾರ್ಮೋನಿಯಂ ಕೈ ಬದಲಾಗುತ್ತದೆ. ಇಲ್ಲಿ ಕಲಾವಿದನ ಖಾನೆಯಲ್ಲಿ ಭಜನಾ ಮಂಡಳಿಯನ್ನೂ ಆಲ್ಬಂ ಖಾನೆಯಲ್ಲಿ ಊರನ್ನೂ ಬರೆಯಿರಿ. ಒಂದೇ ಕಾಗುಣಿತ ಹಿಡಿಯಿರಿ: ಸುರಪುರ, ಶೋರಾಪುರ, ಸುರಪೂರ ಎಂದು ಮೂರು ಬಗೆ ಬರೆದರೆ ಯಂತ್ರ ಮೂರು ಊರು ಕಟ್ಟುತ್ತದೆ.

ಇಸವಿ ಕೇಳಿದರೆ ಮನೆಯವರು "ದೊಡ್ಡಾಕಿ ಮದುವಿ ಆದ ಮರುವರ್ಷ" ಎನ್ನುತ್ತಾರೆ. ಯಂತ್ರಕ್ಕೆ ನಾಲ್ಕು ಅಂಕಿ ಬೇಕು. ಮನೆಯವರು ಹೇಳಿದ್ದನ್ನು ಟಿಪ್ಪಣಿಯ ಖಾನೆಗೆ ಹಾಕಿ, ಅಂಕಿಗೆ ಕ್ಯಾಸೆಟ್ಟನ್ನೇ ಕೇಳಿ. ಮೈಕಿನವನು "ಗುಲಬರ್ಗಾ ಜಿಲ್ಲಾ, ಸುರಪುರ ತಾಲ್ಲೂಕು" ಎಂದು ಕೂಗಿದ್ದರೆ ಅದು ಬಹುಮಟ್ಟಿಗೆ ಯಾದಗಿರಿ ಜಿಲ್ಲೆಯಾದ 2010ಕ್ಕಿಂತ ಹಿಂದಿನದು.

ಕೆಲಸ ಮಾಡದಿದ್ದರೆ

ಹೈ-ಫೈಗೆ ಡಬ್ಬಿ ಕಾಣದಿದ್ದರೆ ಅದರ ವಿಳಾಸ ಬದಲಾಗಿರಬಹುದು, ರೂಟರಿನಲ್ಲಿ 192.168.1.50ರಂಥ ಒಂದು ಕಾಯಂ ವಿಳಾಸ ಬರೆದುಕೊಡಿ. ಒಂದನೇ ಪದ ಆದ ಮೇಲೆ ಹತ್ತನೆಯದು ಬಂದರೆ ಫೈಲಿನ ಹೆಸರಿನಲ್ಲಿ 1ರ ಬದಲು 01 ಹಾಕಿ. ಭಜನೆಗೆ ಶಫಲ್ ಗುಂಡಿ ಒತ್ತಬೇಡಿ. ಮಂಗಳಾರತಿ ಪದ ಮೊದಲೇ ಬಂದರೆ ಕೇಳಲು ಕೂತವರು ಎದ್ದು ಚಪ್ಪಲಿ ಹುಡುಕತೊಡಗುತ್ತಾರೆ.

ನಕಲು

ಡಬ್ಬಿಯಲ್ಲಿ ಎರಡು ಡಿಸ್ಕು ಇವೆ, ಒಂದರಲ್ಲಿದ್ದದ್ದು ಇನ್ನೊಂದರಲ್ಲೂ ಇದೆ, ಆದ್ದರಿಂದ ನಿಶ್ಚಿಂತೆ ಎಂದುಕೊಳ್ಳಬೇಡಿ. ಒಂದು ಡಿಸ್ಕು ಸತ್ತರೆ ಮಾತ್ರ ಆ ಜೋಡಿ ಕಾಯುತ್ತದೆ. ಮೊಮ್ಮಗ ಫೋಲ್ಡರ್ ಅಳಿಸಿದರೆ ಎರಡರಲ್ಲೂ ಅದೇ ಗಳಿಗೆಗೆ ಅಳಿಯುತ್ತದೆ. ಬಲ್ಲವರ ಲೆಕ್ಕ ಹೀಗೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಮನೆಯ ಹೊರಗೆ. ಮನೆಯ ಹೊರಗಿನ ಪ್ರತಿಗೆ ಸುರಪುರದ ಬೀಗರ ಮನೆ ಪ್ರಶಸ್ತ. ಒಂದು ಬಿಡಿ ಡಿಸ್ಕಿಗೆ ಎಲ್ಲವನ್ನೂ ತುಂಬಿ ಕೊಟ್ಟು ಬನ್ನಿ, ಬರೀ ಇಟ್ಟುಕೊಳ್ಳಿ ಎಂದು ಹೇಳಿ. ಅವರು ಇಟ್ಟುಕೊಳ್ಳುವುದಿಲ್ಲ, ಹಚ್ಚಿ ಕೇಳುತ್ತಾರೆ. ಹಬ್ಬಕ್ಕೆ ಬಂದಾಗ "ಏನ್ರೀ ಬೀಗರ, ಅಪರಿಚಿತ ಅಂತ ಬರದೀರಿ, ಅಂವ ನಮ್ ಓಣಿಯಾಂವ" ಎಂದು ಡಿಸ್ಕನ್ನು ಮುಂದಿಡುತ್ತಾರೆ. ಒಳಗೆ ಖಾನೆಗಳೆಲ್ಲ ತಿದ್ದಿರುತ್ತವೆ, ಎರಡು ಮೊಹರಂ ಪದ ಹೆಚ್ಚಿರುತ್ತವೆ. ಆ ದಿನ ನಕಲಿನ ದಿಕ್ಕು ಬದಲಿಸಬೇಕು: ಅವರ ಡಿಸ್ಕಿನಿಂದ ನಿಮ್ಮ ಡಬ್ಬಿಗೆ. ಪರದೆಯ ಮೇಲಿನ ಬಾಣ ಯಾವ ಕಡೆ ತೋರಿಸುತ್ತಿದೆ ಎಂದು ಎರಡು ಸಲ ನೋಡಿ ಆಮೇಲೆ ಒತ್ತಿ. ಉಲ್ಟಾ ಹೊಡೆದರೆ ಅವರು ತಿದ್ದಿದ್ದೆಲ್ಲ ಹೋಗಿ ಆ ಮನುಷ್ಯ ಮತ್ತೆ ಅಪರಿಚಿತನಾಗುತ್ತಾನೆ, ಬೀಗರಿಗೆ ಅದನ್ನು ವಿವರಿಸಲು ಯಾವ ಕೈಪಿಡಿಯೂ ಇಲ್ಲ.