ಬಿಸಿಲುಕೋಲಿನ ಎಸ್ಟಿಮೇಟು

ಮನೆ ಕಟ್ಟಿಸುವವರು ಮೊದಲೆಲ್ಲ ನನ್ನಂಥವರ ಹತ್ತಿರ ಬಂದರೆ ಕೇಳುತ್ತಿದ್ದದ್ದು ಎರಡೇ ಪ್ರಶ್ನೆ. ಬಾಗಿಲು ಪೂರ್ವಕ್ಕಿದೆಯಾ? ಗೇಟಿನೊಳಗೆ ಕಾರು ಹಿಡಿಯುತ್ತಾ? ಈಗ ಮೂರನೆಯದು ಸೇರಿಕೊಂಡಿದೆ: ತ್ರೀಡಿ ಚಿತ್ರದಲ್ಲಿ ಬಿಸಿಲುಕೋಲು ಇಳಿಯುತ್ತಾ? ನೆಲದ ಮೇಲೆ ಬಿಸಿಲು ಬಿದ್ದರೆ ಅವರಿಗೆ ಸಾಲದು. ಪೌರಾಣಿಕ ಸಿನಿಮಾದಲ್ಲಿ ಶಿವ ಪ್ರತ್ಯಕ್ಷನಾಗುವುದಕ್ಕೆ ಮುಂಚೆ ಇಳಿಯುವ ಬೆಳಕಿನ ಹಾಗೆ ಓರೆಯಾಗಿ, ದಪ್ಪಗೆ, ಬಟ್ಟೆ ಒಣಗಹಾಕಬಹುದು ಎನ್ನುವಷ್ಟು ಗಟ್ಟಿಯಾಗಿ ಇಳಿಯಬೇಕು. ಕೆಳಗಿನ ಸೋಫಾದಲ್ಲಿ ತಪಸ್ವಿ ಇಲ್ಲದಿದ್ದರೂ ನಡೆಯುತ್ತದೆ.

ಅರಸೀಕೆರೆ ತಾಲ್ಲೂಕಿನ ಕಣಕಟ್ಟೆಯಲ್ಲಿರುವ ನಮ್ಮ ಮಾವನಿಗೂ ಅದೇ ಬೇಕಾಗಿತ್ತು. ಹಳೇ ಹೆಂಚಿನ ಮನೆ ಇಳಿಸಿ ಆರ್‌ಸಿಸಿ ಮನೆ ಏರಿಸುತ್ತಿದ್ದರು. ಪ್ಲಾನು, ಎಲಿವೇಷನ್ನು ಎಲ್ಲ ಒಪ್ಪಿದ ಮೇಲೆ ರಾತ್ರಿ ಫೋನು. “ವಾಟ್ಸಾಪಲ್ಲಿ ಒಂದು ಮನೆ ಬಂದೈತೆ ನೋಡು. ಕಿಟಕಿಯಿಂದ ಕೋಲುಕೋಲಾಗಿ ಬೆಳಕು ಬರ್ತಾ ಐತಲ್ಲ, ಅದನ್ನ ನಮ್ಮ ಹಾಲ್‌ಗೂ ಹಾಕು. ಎಕ್ಸ್ಟ್ರಾ ಎಷ್ಟಾದರೂ ಆಗಲಿ.” ಎಷ್ಟಾದರೂ ಆಗಲಿ ಎನ್ನುವ ಮಾತು ನೆಂಟರ ಬಾಯಲ್ಲಿ ಬಂದರೆ ಅದರರ್ಥ ಸೊನ್ನೆ ಎಂದು ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತು.

ತಮಾಷೆಯೆಂದರೆ ಮಾವ ಕೆಡವಿಸಿದ ಮನೆಯಲ್ಲಿ ಬಿಸಿಲುಕೋಲಿಗೆ ಬರವೇ ಇರಲಿಲ್ಲ. ಅಡುಗೆಮನೆಯ ಸೂರಿನಲ್ಲಿ ಒಂದು ಗಾಜಿನ ಹೆಂಚು, ಗೋಡೆಯ ಮೇಲೆ ಬೆಳಕಿಂಡಿ, ಕೋತಿಗಳು ಓಡಾಡಿ ಸರಿಸಿದ ಹೆಂಚುಗಳ ಸಂದಿಗಳು ಬೇರೆ. ಮೇಲೆ ಅಟ್ಟದಲ್ಲಿ ಎಂಟು ಹತ್ತು ತಿಂಗಳು ತೆಂಗಿನಕಾಯಿ ಕೂತು ಉಂಡೆಕೊಬ್ಬರಿಯಾಗಬೇಕು. ಕೆಳಗೆ ಸೌದೆ ಒಲೆ. ಹೊಗೆಯೆದ್ದು ಗಾಜಿನ ಹೆಂಚಿನ ಬಿಸಿಲಿಗೆ ಸಿಕ್ಕಿದಾಗ ಕೋಲು ತಿಳಿನೀಲಿಯಾಗಿ ಕಾಣುತ್ತಿತ್ತು, ಅದು ಮುಟ್ಟಿದ ಸಗಣಿನೆಲ ಮಾತ್ರ ಹಳದಿ. ಸೌದೆ ಹೊಗೆಯ ಕಣ ಅಷ್ಟು ಸಣ್ಣದು, ನೀಲಿಯನ್ನೇ ಹೆಚ್ಚು ಚದುರಿಸುತ್ತದೆ. ಸಂದಿಗಳು ಮುಕ್ಕಾಗಿ, ಸೀಳಾಗಿ, ಹೇಗೆ ಬೇಕಾದರೂ ಇರಲಿ, ನೆಲದ ಮೇಲೆ ಬೀಳುವ ಬಿಲ್ಲೆ ಮಾತ್ರ ಗುಂಡಗೆ. ಅದು ಸಂದಿಯ ಆಕಾರವಲ್ಲ, ಸೂರ್ಯನದೇ ಬಿಂಬ. 4 ಮೀಟರ್ ದೂರದ ಸಂದಿಯಿಂದ ಬಿದ್ದರೆ ಸುಮಾರು 3.7 ಸೆಂಟಿಮೀಟರ್ ಅಗಲ. ಗ್ರಹಣದ ದಿನ ಅಷ್ಟೂ ಬಿಲ್ಲೆ ಕುಡುಗೋಲಾಗುತ್ತಿದ್ದವು. ಅಂಥ ಮನೆಯನ್ನು ಜೆಸಿಬಿ ತಂದು ಬೀಳಿಸಿದ ಮನುಷ್ಯ ಈಗ ಬೆಂಗಳೂರಿಗೆ ಫೋನು ಮಾಡಿ ಬಿಸಿಲುಕೋಲು ಕೇಳುತ್ತಿದ್ದರು.

ಕೋಲಿನ ಗುಟ್ಟು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿದ್ದ ಜಾನ್ ಟಿಂಡಲ್‌ಗೆ ಚೆನ್ನಾಗಿ ಗೊತ್ತಿತ್ತು. ಆತ 1870ರಲ್ಲಿ ಧೂಳು ಮತ್ತು ರೋಗದ ಬಗ್ಗೆ ಉಪನ್ಯಾಸ ಮಾಡಿ ಸಭಿಕರನ್ನು ಬೆಚ್ಚಿಬೀಳಿಸಿದ್ದ. ಪೆಟ್ಟಿಗೆಯೊಂದರ ಒಳಮೈಗೆ ಗ್ಲಿಸರಿನ್ ಬಳಿದು, ಮುಚ್ಚಿಟ್ಟು, ಒಳಗಿನ ಧೂಳೆಲ್ಲ ಅದಕ್ಕೆ ಅಂಟಿಕೊಳ್ಳುವವರೆಗೆ ಕಾಯುವುದು ಅವನ ಪ್ರಯೋಗ. ಆಮೇಲೆ ಬೆಳಕು ಹಾಯಿಸಿದರೆ ಪೆಟ್ಟಿಗೆಯ ಈಚೆಯೂ ಆಚೆಯೂ ಕೋಲು ಕಾಣುತ್ತದೆ, ಒಳಗೆ ಮಾತ್ರ ಏನೂ ಇಲ್ಲ. ಬೆಳಕು ದಾರಿಯಲ್ಲಿ ಹೋಗುತ್ತಿದ್ದರೂ ಕಾಣುವುದಿಲ್ಲ. ನಡುವೆ ಯಾರೋ ಅಡ್ಡಬಂದು ಅದನ್ನು ನಮ್ಮ ಕಣ್ಣಿಗೆ ಚೆಲ್ಲಬೇಕು. ಹಾಗಾಗಿ ಚಿತ್ರದಲ್ಲಿ ಬಿಸಿಲುಕೋಲು ಬೇಕೆಂದರೆ ನಾನು ಮೊದಲು ಮಾವನ ಹೊಸ ಹಾಲ್‌ನಲ್ಲಿ ಧೂಳೆಬ್ಬಿಸಬೇಕು.

ಕಂಪ್ಯೂಟರಿನಲ್ಲಿ ಧೂಳೆಬ್ಬಿಸುವುದು ದುಬಾರಿ ಕೆಲಸ. ಅಲ್ಲಿ ಗಾಳಿಯೇ ಇರುವುದಿಲ್ಲ. ಗೋಡೆ, ಸೋಫಾ, ಟಿವಿ ಎಲ್ಲ ಚಂದ್ರಲೋಕದ ಶೂನ್ಯದಲ್ಲಿ ನಿಂತಿರುತ್ತವೆ. ಬ್ಲೆಂಡರ್‌ನಲ್ಲಾದರೆ ಕೋಣೆಯಷ್ಟೇ ದೊಡ್ಡದೊಂದು ಡಬ್ಬ ಮಾಡಿ, ಅದಕ್ಕೆ ವಾಲ್ಯೂಮ್ ಸ್ಕ್ಯಾಟರ್ ಎಂಬ ಮಂಜು ತುಂಬಬೇಕು. ಡೆನ್ಸಿಟಿ 1 ಎಂದು ಇದ್ದದ್ದು ಇದ್ದಹಾಗೇ ಬಿಟ್ಟರೆ ಎದುರು ಗೋಡೆಯೇ ಮಾಯ, ಡಿಸೆಂಬರಿನ ಮಡಿಕೇರಿ. 0.01ರ ಆಸುಪಾಸಿಗೆ ಇಳಿಸುತ್ತ ಬಂದರೆ ಕೋಲು ನಿಧಾನಕ್ಕೆ ಮೂಡುತ್ತದೆ. ಪಕ್ಕದಲ್ಲೇ ಆನಿಸೊಟ್ರೊಪಿ ಎಂಬ ಇನ್ನೊಂದು ಅಂಕಿ: ಕಣಕ್ಕೆ ಬಡಿದ ಬೆಳಕು ಮುಂದಕ್ಕೆ ಎಷ್ಟು ಹೋಗಬೇಕು, ಹಿಂದಕ್ಕೆ ಎಷ್ಟು ತಿರುಗಬೇಕು ಎನ್ನುವ ಲೆಕ್ಕ. ಅದನ್ನು ಸೊನ್ನೆಗಿಂತ ಮೇಲಕ್ಕೇರಿಸಿ, ಕ್ಯಾಮೆರಾವನ್ನು ಸೂರ್ಯನ ಕಡೆ ತಿರುಗಿಸಿ ಇಟ್ಟರೆ ಕೋಲು ಝಗ್ಗನೆ ಹೊಳೆಯುತ್ತದೆ. ಈ ಲೆಕ್ಕದ ಸೂತ್ರ ಬರೆದವರು ಹೆನ್ಯಿ ಮತ್ತು ಗ್ರೀನ್‌ಸ್ಟೈನ್ ಎಂಬ ಖಗೋಳ ವಿಜ್ಞಾನಿಗಳು, 1941ರಲ್ಲಿ. ನಕ್ಷತ್ರಗಳ ನಡುವಿನ ಧೂಳು ಬೆಳಕನ್ನು ಹೇಗೆ ಚದುರಿಸುತ್ತದೆ ಎನ್ನುವುದು ಅವರ ಚಿಂತೆಯಾಗಿತ್ತು. ಅದು ಕಣಕಟ್ಟೆಯ ಟಿವಿ ಸ್ಟ್ಯಾಂಡಿನ ಪಕ್ಕಕ್ಕೆ ಬಂದು ಬೀಳುತ್ತದೆ ಎಂದು ಅವರಿಗೆ ಯಾರು ಹೇಳಬೇಕಿತ್ತು!

ರೆಂಡರ್ ಒತ್ತಿ ಮಲಗಿದರೆ ಬೆಳಿಗ್ಗೆಯೂ ಅರ್ಧವೇ ಆಗಿರುತ್ತದೆ. ಒಂದೊಂದು ಕಿರಣವೂ ಗಾಳಿಯಲ್ಲಿ ಎಲ್ಲಿ ಎಡವಿತು, ಎತ್ತ ತಿರುಗಿತು ಎಂದು ಲೆಕ್ಕ ಹಾಕಬೇಕಲ್ಲ. ಸಾಲದ್ದಕ್ಕೆ ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಕಾಳುಕಾಳು. ನನ್ನ ಲ್ಯಾಪ್‌ಟಾಪ್ ಕಾದು, ಕೂಗಿ, ನಡುರಾತ್ರಿ ಕೈಚೆಲ್ಲಿತು. ಬಿಚ್ಚಿ ನೋಡಿದ ಹುಡುಗ ಫ್ಯಾನಿನಿಂದ ಹಿಡಿಯಷ್ಟು ಧೂಳು ತೆಗೆದು ಮೇಜಿನ ಮೇಲಿಟ್ಟ. ಅಸಲಿ ಧೂಳು ಹೊಟ್ಟೆಯಲ್ಲಿಟ್ಟುಕೊಂಡು ಆ ಬಡಪಾಯಿ ನಕಲಿ ಧೂಳಿನ ಲೆಕ್ಕ ಮಾಡುತ್ತಿತ್ತು.

ಇದೆಲ್ಲ ಬೇಡವೆನ್ನುವ ಜಾಣರು ಫೋಟೋಶಾಪಿನಲ್ಲಿ ಬಿಳಿ ಪಟ್ಟಿ ಎಳೆದು, ಅಂಚು ಮಸುಕು ಮಾಡಿ, ಸ್ಕ್ರೀನ್ ಮೋಡಿಗೆ ಹಾಕಿ ಚಹಾ ಕುಡಿಯಲು ಹೋಗುತ್ತಾರೆ. ಅಂಥ ಚಿತ್ರದಲ್ಲಿ ಕೋಲು ಒಂದು ಕಡೆಯಿಂದ, ನೆರಳು ಇನ್ನೊಂದು ಕಡೆಯಿಂದ ಬರುತ್ತಿರುತ್ತದೆ. ಯಾರೂ ಗಮನಿಸುವುದಿಲ್ಲ ಎನ್ನುವುದು ನನ್ನ ಹೊಟ್ಟೆಯುರಿ.

ಈ ಕಸುಬಿನಲ್ಲಿ ನನಗೆ ದೊಡ್ಡವರು ಮೈಸೂರಿನ ಛಾಯಾಗ್ರಾಹಕ ವಿ. ಕೆ. ಮೂರ್ತಿ. ಗುರುದತ್‌ರ ‘ಕಾಗಜ್ ಕೆ ಫೂಲ್’ 1959ರದು. ಅದರಲ್ಲಿ ಖಾಲಿ ಸ್ಟುಡಿಯೋದೊಳಗೆ ಇಳಿಯುವ ಆ ಪ್ರಸಿದ್ಧ ಬೆಳಕಿನ ಕಂಬವನ್ನು ಮೂರ್ತಿಯವರು ದೀಪದಿಂದ ಮಾಡಲಿಲ್ಲ. ಹೊರಗಿನ ಬಿಸಿಲನ್ನು ಒಂದು ಕನ್ನಡಿಯಿಂದ ಇನ್ನೊಂದು ಕನ್ನಡಿಗೆ ದಾಟಿಸಿ ಒಳಗೆ ಸುರಿದರು. ದೀಪದ ಬೆಳಕು ಹರಡಿಕೊಳ್ಳುತ್ತದೆ, ಸೂರ್ಯನದು ನೆಟ್ಟಗೆ ಬರುತ್ತದೆ. ಕಣ್ಣು ಅದನ್ನು ಕಂಡುಹಿಡಿಯುತ್ತದೆ. ಛಾಯಾಗ್ರಾಹಕರಲ್ಲಿ ಫಾಲ್ಕೆ ಪ್ರಶಸ್ತಿ ಮೊದಲು ಬಂದದ್ದೂ ಅವರಿಗೇ, 2008ರ ಸಾಲಿನದು. ಎರಡು ಕನ್ನಡಿಯಲ್ಲಿ ಮುಗಿಸಿದ ಕೆಲಸಕ್ಕೆ ನನಗೆ ಗ್ರಾಫಿಕ್ಸ್ ಕಾರ್ಡು ಬೇಕು, ಮೇಲೆ ಕರೆಂಟ್ ಬಿಲ್ಲು.

ಚಿತ್ರ ಕಳಿಸಿದೆ. ಮಾವ ಹಿಗ್ಗಿಹೋದರು, ಆಮೇಲೆ ತಿದ್ದುಪಡಿ ಶುರು. ದೇವರಮನೆಗೆ ಉತ್ತರದ ಕಿಟಕಿಯಿಂದ ಸಂಕ್ರಾಂತಿ ದಿನ ಕೋಲು ಬೀಳಬೇಕಂತೆ, ಬೆಂಗಳೂರಿನ ಗವಿ ಗಂಗಾಧರೇಶ್ವರದಲ್ಲಿ ನಂದಿಯ ಕೊಂಬಿನ ನಡುವೆ ಬೀಳುವ ಹಾಗೆ.

“ಸಂಕ್ರಾಂತಿಗೆ ಸೂರ್ಯ ದಕ್ಷಿಣದಲ್ಲಿರ್ತಾನೆ ಮಾವ.”

“ಉತ್ತರಾಯಣ ಅಂತಾರಲ್ಲೋ.”

“ಉತ್ತರಕ್ಕೆ ಹೊರಟಿರ್ತಾನೆ ಅಷ್ಟೆ. ಇನ್ನೂ ತಲುಪಿರಲ್ಲ.”

“ನಮ್ಮ ಬಸ್ಸಿನ ಥರ” ಎಂದರು ಮಾವ, ಒಪ್ಪದೆ.

ನಮ್ಮ ಸೀಮೆ ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಬರುವುದು ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಾತ್ರ. ಆಗಲೂ ವಾಲುವುದು ಹತ್ತು ಡಿಗ್ರಿ. ಒಂದೂವರೆ ಅಡಿ ಸಜ್ಜಾ ಅವನನ್ನು ಹೊರಗೇ ನಿಲ್ಲಿಸುತ್ತದೆ. ಗವಿಪುರದ ಕೋಲಿಗೂ ಪಂಚಾಂಗದ ಹಂಗಿಲ್ಲ. ಡಿಸೆಂಬರ್ ಅಯನ ಬಿಂದುವಿನ ಈಚೆಗೂ ಆಚೆಗೂ ಸೂರ್ಯ ಅದೇ ದಾರಿ ಹಿಡಿಯುವುದರಿಂದ ನವೆಂಬರ್ ಕೊನೆಯಲ್ಲೂ ಬೆಳಕು ಒಳಗೆ ಹೋಗುತ್ತದೆ, ಟಿವಿಯವರು ಹೋಗುವುದಿಲ್ಲ ಅಷ್ಟೆ. ಇಷ್ಟನ್ನೂ ವಿವರಿಸಿದ ಮೇಲೆ ಮಾವ, “ಕಂಪ್ಯೂಟರಲ್ಲಿ ಆಗಲ್ವಾ?” ಎಂದರು. ಕಂಪ್ಯೂಟರಲ್ಲಿ ಆಗುತ್ತದೆ. ಅಲ್ಲಿ ಉತ್ತರ ದಿಕ್ಕನ್ನೇ ತಿರುಗಿಸುವ ಗುಂಡಿಯಿದೆ. ಬಾಗಿಲನ್ನು ಮೂರು ಅಂಗುಲ ಸರಿಸಲು ಒಪ್ಪದ ವಾಸ್ತು ಪಂಡಿತರು, ನಾನು ಭೂಮಿಯನ್ನೇ ನೂರೆಂಬತ್ತು ಡಿಗ್ರಿ ತಿರುಗಿಸಿಟ್ಟ ಆ ಚಿತ್ರ ನೋಡಿ “ಈಗ ಸರಿಯಾಯ್ತು” ಎಂದರು.

ಅತ್ತೆಗೆ ಮಾತ್ರ ಚಿತ್ರ ಹಿಡಿಸಲಿಲ್ಲ. ಕನ್ನಡಕ ಏರಿಸಿ, ಮೊಬೈಲನ್ನು ಹತ್ತಿರ ತಂದು ನೋಡಿ, “ಇಷ್ಟೊಂದು ಧೂಳು ಎಲ್ಲಿಂದ ಬಂತು? ಕಿಟಕಿಗೆ ಮೆಶ್ ಹಾಕಿಲ್ವಾ?” ಎಂದರು. ಟಿಂಡಲ್ ಎದ್ದುನಿಂತು ಕೈಮುಗಿಯಬೇಕಾದ ಮಾತು. ಮದುವೆಯಾಗಿ ಬಂದಂದಿನಿಂದ ಮಟ್ಟೆಯ ನಾರು, ರಾಗಿಹೊಟ್ಟು, ಅಟ್ಟದ ಕರಿ ಗುಡಿಸುತ್ತಲೇ ಇದ್ದವರು. ಬಿಸಿಲುಕೋಲು ಕಂಡರೆ ಅವರ ಕೈ ತಾನಾಗಿ ಪೊರಕೆ ಹುಡುಕುತ್ತದೆ. ಹೊಯ್ಸಳರು ಸಹ ಅತ್ತೆಯ ಪಕ್ಷದವರೇ ಎನ್ನಬೇಕು. ಅರಸೀಕೆರೆ ಶಿವಾಲಯದ ತೆರೆದ ಮಂಟಪಕ್ಕೆ ಬೆಳಕು ಎಲ್ಲ ಕಡೆಯಿಂದ ನುಗ್ಗುತ್ತದೆ, ಕೋಲಾಗುವುದಿಲ್ಲ. ಬೇಲೂರಿನಲ್ಲಿ 1117ರ ಗುಡಿಗೆ ಕಲ್ಲಿನ ಜಾಲಂಧ್ರ ಕೂರಿಸಿದ್ದು ಆಮೇಲೆ, ವಿಷ್ಣುವರ್ಧನನ ಮೊಮ್ಮಗ ಇಮ್ಮಡಿ ಬಲ್ಲಾಳ. ಸೋಸಿ ಬಂದ ಬೆಳಕು ನುಣುಪುಗಂಬಗಳ ಬಳೆಬಳೆಯ ಮೇಲೆ ಜಾರುತ್ತದೆ. ನವರಂಗದೊಳಗೆ ನಾನು ಬಿಸಿಲುಕೋಲು ಕಂಡದ್ದು ಕಸ ಗುಡಿಸುವ ಹೊತ್ತಿನಲ್ಲಿ ಮಾತ್ರ.

ಅತ್ತೆಗಾಗಿ ಧೂಳಿಲ್ಲದ ಚಿತ್ರ, ಮಾವನಿಗಾಗಿ ಧೂಳಿರುವ ಚಿತ್ರ, ಎರಡೂ ಹೋದವು. ಮೇಸ್ತ್ರಿಗೆ ಸಿಕ್ಕಿದ್ದು ಮಾವನದು. ಅವನು ಕೋಲಿನ ಮೇಲೆ ಬೆರಳಿಟ್ಟು, “ಇದು ಗ್ಲಾಸಾ, ಫೈಬರ್ರಾ? ನನ್ನ ಎಸ್ಟಿಮೇಟಲ್ಲಿಲ್ಲ. ಬೇಕಾದರೆ ಅಡಿ ಲೆಕ್ಕದಲ್ಲಿ ಮಾಡ್ಕೊಡ್ತೀನಿ” ಎಂದನಂತೆ.

ಗೃಹಪ್ರವೇಶದ ಮುಹೂರ್ತ ನಸುಕಿಗೆ. ಹೋಮದ ಹೊಗೆ ಹಾಲ್ ತುಂಬಿ, ಭಟ್ಟರೂ ಸೇರಿ ಎಲ್ಲರೂ ಕೆಮ್ಮಿದರು. ಕೋಲಿಗೆ ಬೇಕಾದ ಸಾಮಗ್ರಿಯೆಲ್ಲ ಸಿದ್ಧ, ಸೂರ್ಯನೊಬ್ಬ ಬಂದಿರಲಿಲ್ಲ. ಹತ್ತು ಗಂಟೆಗೆ ಸೂರ್ಯ ಹಾಲ್‌ನ ಸ್ಕೈಲೈಟಿನ ನೇರಕ್ಕೆ ಬಂದ. ಅಷ್ಟರೊಳಗೆ ಅತ್ತೆ ಕಿಟಕಿ ತೆರೆಸಿ, ಫ್ಯಾನು ಹಾಕಿಸಿ, ನೆಲವನ್ನು ಎರಡೆರಡು ಸಲ ಒರೆಸಿ ಮುಗಿಸಿದ್ದರು. ನೆಲದ ಮೇಲೆ ಚೌಕನೆ ಬಿಸಿಲು, ನಡುವೆ ಏನೂ ಇಲ್ಲ. ಹತ್ತಕ್ಕೆ ನೋಡಿ ಎಂದು ನೆಂಟರನ್ನೆಲ್ಲ ಸಾಲಾಗಿ ನಿಲ್ಲಿಸಿಕೊಂಡಿದ್ದ ಮಾವ ನನ್ನ ಮುಖ ನೋಡಿದರು.

ಕಾಪಾಡಿದ್ದು ವಿಡಿಯೋದ ಹುಡುಗ. ಮದುವೆ ಹೆಣ್ಣುಗಂಡು ನಡೆದುಬರುವಾಗ ಬಿಡುವ ಹೊಗೆ ಮಷೀನು ವ್ಯಾನಿನಲ್ಲೇ ಇತ್ತು. ಅದಕ್ಕೆ ಹುಯ್ಯುವ ನೀರಿನಲ್ಲಿ ಗ್ಲಿಸರಿನ್ ಇರುತ್ತದೆ ಎಂದ. ಧೂಳು ಹಿಡಿದು ಕೋಲನ್ನು ಮಾಯಮಾಡಲು ಟಿಂಡಲ್ ಬಳಿದ ಅದೇ ಗ್ಲಿಸರಿನ್ ಇಲ್ಲಿ ಕೋಲು ಹುಟ್ಟಿಸಲು ಬರುತ್ತದೆಂದು ತಿಳಿದು ನಾನು ಹಿಗ್ಗುತ್ತಿದ್ದರೆ, ಮಾವ ಬಾಡಿಗೆ ಚೌಕಾಸಿಗೆ ಇಳಿದಿದ್ದರು. ಗಂಟೆ ಲೆಕ್ಕ ಬೇಡ, ಹೇಗೂ ಹನ್ನೊಂದಕ್ಕೆ ಬಿಸಿಲು ಸರಿದುಹೋಗುತ್ತದೆ ಎನ್ನುವುದು ಅವರ ವಾದ.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಬಂದರು. “ಇದನ್ನ ಬಿಟ್ಟರೆ ಸೊಳ್ಳೆ ಹೋಗ್ತಾವಾ?”

“ಇಲ್ಲ ಅಮ್ಮ, ಇದು ಬರೀ ಶೋಗೆ.”

“ಹಂಗಾದ್ರೆ ಹೊರಗೆ ಪೆಂಡಾಲಲ್ಲಿ ಬಿಡು. ಒಳಗೆ ಎಲೆ ಹಾಕಿದೀವಿ.”